ಬ್ರೋಕರೇಜ್ ಕಳೆಯಬಹುದು, ಎಸ್‌ಟಿಟಿ ಕಳೆಯುವಂತಿಲ್ಲ: ಶೇರು ವ್ಯವಹಾರದ ಖರ್ಚಿಗೆ ಯಾವ ಲೆಕ್ಕ?

ಮಲ್ಲಂದೂರಿನ ಕಾಫಿ ಬೆಳೆಗಾರರಿಗೆ ಖರ್ಚಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಗೊಬ್ಬರ, ಬೋರ್ಡೋ, ಮರಗಸಿ, ಹಣ್ಣು ಕುಯ್ಯುವವರ ಕೂಲಿ, ಲಾರಿ ಬಾಡಿಗೆ ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದೇ ಲಾಭ. ಮೂಟೆ ಮಾರಿದ ದುಡ್ಡನ್ನೇ ಲಾಭ ಅಂತ ಯಾರೂ ಹೇಳೋದಿಲ್ಲ.

ಆದರೆ ಅದೇ ಬೆಳೆಗಾರರು, ಅವರ ಮಕ್ಕಳು ಮೊಬೈಲ್ ಹಿಡಿದು ಶೇರು ಕೊಳ್ಳೋದು, ಮಾರೋದು ಶುರು ಮಾಡಿದಾಗ ಈ ಲೆಕ್ಕ ಮರೆತುಹೋಗುತ್ತದೆ. ಕಳೆದ ಒಂದೆರಡು ವರ್ಷದಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಕೈಗೆ ಬಂದ ದುಡ್ಡಿನಲ್ಲಿ ಒಂದು ಪಾಲು ಡಿಮ್ಯಾಟ್ ಖಾತೆಗೆ ಹೋಗುವುದು ಸಹಜ. ಆಮೇಲೆ ರಿಟರ್ನ್ ಸಲ್ಲಿಸುವ ಕಾಲ ಬರುತ್ತದೆ. ಆಡಿಟ್ ಬೇಕಿಲ್ಲದವರಿಗೆ ಜುಲೈ 31ಕ್ಕೆ ಇದ್ದ ಗಡುವನ್ನು 2025ರಲ್ಲಿ ಸೆಪ್ಟೆಂಬರ್ 15ಕ್ಕೆ ಮುಂದೂಡಲಾಗಿತ್ತು. ಆಡಿಟರ್ ಮುಂದೆ ಕೂತಾಗ ಬರುವ ಪ್ರಶ್ನೆಗಳು ಬಹುತೇಕ ಒಂದೇ: ಬ್ರೋಕರೇಜ್ ಕಳೆಯಬಹುದಾ? ಎಸ್‌ಟಿಟಿ? ಇಂಟರ್ನೆಟ್ ಬಿಲ್? ಸಾಲದ ಬಡ್ಡಿ?

ಉತ್ತರ ಒಂದೇ ಇಲ್ಲ. ಖರ್ಚು ಒಂದೇ ಆದರೂ ಅದನ್ನು ಮಾಡಿದವರು ಕಾನೂನಿನ ಕಣ್ಣಿಗೆ 'ಹೂಡಿಕೆದಾರ'ರೋ 'ವ್ಯಾಪಾರಿ'ಯೋ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ನೀವು ಯಾವ ಸಾಲಿನಲ್ಲಿ ನಿಲ್ಲುತ್ತೀರಿ?

ಆದಾಯ ತೆರಿಗೆ ಕಾಯ್ದೆ ಶೇರು ವ್ಯವಹಾರವನ್ನು ಮೂರು ಸಾಲಾಗಿ ನೋಡುತ್ತದೆ.

ಮೊದಲನೆಯದು, ಶೇರು ಕೊಂಡು ಡಿಮ್ಯಾಟ್ ಖಾತೆಗೆ ತಂದು, ಇಟ್ಟು, ಮಾರುವುದು. ಇದು ಸಾಮಾನ್ಯವಾಗಿ ಬಂಡವಾಳ ಲಾಭ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟಿದ್ದರೆ ದೀರ್ಘಾವಧಿ, ಇಲ್ಲದಿದ್ದರೆ ಅಲ್ಪಾವಧಿ. 2024ರ ಜುಲೈ 23ರಿಂದ ಲಿಸ್ಟೆಡ್ ಶೇರಿನ ಅಲ್ಪಾವಧಿ ಲಾಭಕ್ಕೆ ಶೇ. 20, ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಬಿಟ್ಟು ಉಳಿದದ್ದಕ್ಕೆ ಶೇ. 12.5 ತೆರಿಗೆ. ಅದಕ್ಕೂ ಮೊದಲು ಈ ದರಗಳು ಶೇ. 15 ಮತ್ತು ಶೇ. 10 ಇದ್ದವು. ಹಾಗಾಗಿ 2024-25ರ ಲೆಕ್ಕದಲ್ಲಿ ಮಾರಿದ ತಾರೀಕು ನೋಡಿ ಎರಡು ದರ ಹಾಕಬೇಕಾಗುತ್ತದೆ.

ಎರಡನೆಯದು ಇಂಟ್ರಾಡೇ. ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರುವ ವ್ಯವಹಾರ, ಶೇರು ನಿಮ್ಮ ಖಾತೆಗೆ ಬರುವುದೇ ಇಲ್ಲ. ಕಾಯ್ದೆಯ ಸೆಕ್ಷನ್ 43(5) ಇದನ್ನು ಸಟ್ಟಾ ವ್ಯವಹಾರ ಎನ್ನುತ್ತದೆ.

ಮೂರನೆಯದು ಎಫ್‌ ಅಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್. ನೋಡಲಿಕ್ಕೆ ಇದೇ ದೊಡ್ಡ ಜೂಜಿನಂತೆ ಕಂಡರೂ, ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ನಲ್ಲಿ ನಡೆದರೆ ಕಾನೂನಿನ ಪ್ರಕಾರ ಇದು ಸಟ್ಟಾ ಅಲ್ಲ, ಮಾಮೂಲಿ ವ್ಯಾಪಾರ. 2005ರ ಹಣಕಾಸು ಕಾಯ್ದೆ ಈ ಬದಲಾವಣೆ ತಂದಿತು.

ಇನ್ನು ಶೇರನ್ನು ಖಾತೆಗೆ ತಂದೇ ಪದೇ ಪದೇ ಕೊಂಡು ಮಾರುವವರು? ಇಲ್ಲಿ ದಶಕಗಳ ಕಾಲ ಜಗಳ ನಡೆದಿದೆ. 2016ರ ಫೆಬ್ರುವರಿ 29ರಂದು ನೇರ ತೆರಿಗೆ ಮಂಡಳಿ ಹೊರಡಿಸಿದ 6ನೇ ಸುತ್ತೋಲೆ ಸ್ವಲ್ಪ ಸಮಾಧಾನ ಕೊಟ್ಟಿತು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟ ಲಿಸ್ಟೆಡ್ ಶೇರನ್ನು ನೀವು ಬಂಡವಾಳ ಲಾಭ ಅಂತ ತೋರಿಸಿದರೆ ಅಧಿಕಾರಿ ತಕರಾರು ಮಾಡುವಂತಿಲ್ಲ. ಆದರೆ ಒಮ್ಮೆ ಹಿಡಿದ ದಾರಿಯನ್ನು ಮುಂದಿನ ವರ್ಷಗಳಲ್ಲಿ ಬದಲಿಸುವ ಹಾಗಿಲ್ಲ. ಲಾಭ ಬಂದ ವರ್ಷ ಹೂಡಿಕೆದಾರ, ಖರ್ಚು ಹೆಚ್ಚಾದ ವರ್ಷ ವ್ಯಾಪಾರಿ ಅನ್ನೋದು ನಡೆಯೋದಿಲ್ಲ.

ಹೂಡಿಕೆದಾರರಿಗೆ ಸಿಗೋದು ಚಿಕ್ಕ ಪಟ್ಟಿ

ಬಂಡವಾಳ ಲಾಭದ ಲೆಕ್ಕಕ್ಕೆ ಸೆಕ್ಷನ್ 48 ಆಧಾರ. ಮಾರಿದ ಬೆಲೆಯಿಂದ ಎರಡನ್ನು ಕಳೆಯಬಹುದು: ಕೊಂಡ ಬೆಲೆ, ಮತ್ತು 'ಸಂಪೂರ್ಣವಾಗಿ ಮಾರಾಟಕ್ಕೆಂದೇ' ಆದ ಖರ್ಚು. ಬ್ರೋಕರೇಜ್, ಅದರ ಮೇಲಿನ ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ, ಕೊಳ್ಳುವಾಗ ಕಟ್ಟಿದ ಸ್ಟ್ಯಾಂಪ್ ಡ್ಯೂಟಿ, ಮಾರುವಾಗ ಡಿಮ್ಯಾಟ್‌ನಿಂದ ಶೇರು ಹೊರಹೋಗಲು ಹಿಡಿಯುವ ಶುಲ್ಕ ಇವೆಲ್ಲ ಇದರೊಳಗೆ ಬರುತ್ತವೆ.

ಬರದೇ ಇರುವುದೇ ಹೆಚ್ಚು. ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ ಯಾವುದೇ ಒಂದು ಮಾರಾಟಕ್ಕೆ ಸೇರಿದ್ದಲ್ಲ, ಹಾಗಾಗಿ ಇಲ್ಲ. ಸಲಹೆಗಾರರ ಫೀಸು, ಚಾರ್ಟ್ ನೋಡುವ ಆ್ಯಪ್‌ನ ಚಂದಾ, ಇಂಟರ್ನೆಟ್, ಲ್ಯಾಪ್‌ಟಾಪ್ ಯಾವುದೂ ಇಲ್ಲ. 2024-25ರ ನಿಯಮದಂತೆ ಡಿವಿಡೆಂಡ್ ಬಂದಿದ್ದರೆ ಅದರ ಎದುರು ಸಾಲದ ಬಡ್ಡಿಯನ್ನು ಮಾತ್ರ, ಅದೂ ಡಿವಿಡೆಂಡ್‌ನ ಶೇ. 20ರ ಮಿತಿಯೊಳಗೆ ಕಳೆಯಬಹುದಿತ್ತು.

ಎಲ್ಲಕ್ಕಿಂತ ದೊಡ್ಡ 'ಇಲ್ಲ' ಅಂದರೆ ಎಸ್‌ಟಿಟಿ, ಶೇರು ವಹಿವಾಟು ತೆರಿಗೆ. ಡೆಲಿವರಿ ವ್ಯವಹಾರದಲ್ಲಿ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಕಟ್ಟಲೇಬೇಕು. ಲಾಭವೋ ನಷ್ಟವೋ ಸರ್ಕಾರಕ್ಕೆ ಸಂಬಂಧವಿಲ್ಲ. ಆದರೆ ಲಾಭದ ಲೆಕ್ಕ ಹಾಕುವಾಗ ಇದನ್ನು ಕಳೆಯಬಾರದು ಅಂತ ಸೆಕ್ಷನ್ 48 ಸ್ಪಷ್ಟವಾಗಿ ಹೇಳುತ್ತದೆ.

ಇದರ ಪರಿಣಾಮ ಏನು? ಒಬ್ಬರು ವರ್ಷದಲ್ಲಿ ಸುಮಾರು 50 ಲಕ್ಷದ ಶೇರು ಕೊಂಡು, ಸುಮಾರು ಅಷ್ಟೇ ಮೊತ್ತಕ್ಕೆ ಮಾರಿದರು ಎಂದುಕೊಳ್ಳಿ. ಒಂದೇ 5 ಲಕ್ಷ ಹತ್ತು ಸಲ ತಿರುಗಿದರೂ ಇಷ್ಟಾಗುತ್ತದೆ. ಎಸ್‌ಟಿಟಿ ಸುಮಾರು 10,000 ರೂಪಾಯಿ. ಬ್ರೋಕರೇಜ್ ಮುಂತಾದವು ಕಳೆದು ಉಳಿದ ಅಲ್ಪಾವಧಿ ಲಾಭ 8,000 ರೂಪಾಯಿ. ಜೇಬಿನ ಲೆಕ್ಕದಲ್ಲಿ ಇವರಿಗೆ 2,000 ನಷ್ಟ. ತೆರಿಗೆ ಲೆಕ್ಕದಲ್ಲಿ 8,000 ಲಾಭ, ಅದಕ್ಕೆ ಶೇ. 20ರಂತೆ 1,600 ರೂಪಾಯಿ ತೆರಿಗೆ. ನಷ್ಟ ಮಾಡಿಕೊಂಡವರೂ ಲಾಭದ ತೆರಿಗೆ ಕಟ್ಟಬೇಕಾಗುವ ಸನ್ನಿವೇಶ ಇದು.

ಮುರಿದುಬಿದ್ದ ಒಪ್ಪಂದ

ಈ ನಿಯಮ ಬಂದಾಗ ಅದಕ್ಕೊಂದು ತರ್ಕ ಇತ್ತು. 2004ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಎಸ್‌ಟಿಟಿ ತಂದರು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಯಾಯಿತು. ಬದಲಿಗೆ, ಎಸ್‌ಟಿಟಿ ಕಟ್ಟಿದ ಶೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇಲ್ಲ, ಅಲ್ಪಾವಧಿ ಲಾಭಕ್ಕೆ ಶೇ. 10 ಮಾತ್ರ ಎಂದಾಯಿತು. ಸಣ್ಣದೊಂದು ಸುಂಕ ಕಟ್ಟಿ, ದೊಡ್ಡ ತೆರಿಗೆಯಿಂದ ಬಿಡುಗಡೆ. ಹೀಗಿರುವಾಗ ಸುಂಕವನ್ನು ಮತ್ತೆ ಖರ್ಚಾಗಿ ಕಳೆಯೋದು ಬೇಡ ಅನ್ನೋದರಲ್ಲಿ ಅರ್ಥ ಇತ್ತು.

ಆಮೇಲೆ ಒಪ್ಪಂದದ ಒಂದು ಕಡೆ ಮಾತ್ರ ಕಳಚುತ್ತಾ ಬಂತು. 2008ರಲ್ಲಿ ಅಲ್ಪಾವಧಿ ದರ ಶೇ. 15 ಆಯಿತು. 2018ರಲ್ಲಿ ಅರುಣ್ ಜೇಟ್ಲಿ ದೀರ್ಘಾವಧಿ ಲಾಭದ ತೆರಿಗೆಯನ್ನು ಶೇ. 10ರಂತೆ ವಾಪಸ್ ತಂದರು. 2024ರಲ್ಲಿ ಎರಡೂ ಮತ್ತೆ ಏರಿದವು. ಎಸ್‌ಟಿಟಿ ಹೋಗಲಿಲ್ಲ, ಅದನ್ನು ಕಳೆಯಬಾರದೆಂಬ ನಿಯಮವೂ ಹೋಗಲಿಲ್ಲ.

ಬ್ರಿಟನ್ನಿನಲ್ಲಿ ಶೇರು ಕೊಳ್ಳುವಾಗ ಶೇ. 0.5 ಸ್ಟ್ಯಾಂಪ್ ಡ್ಯೂಟಿ ಇದೆ, ನಮ್ಮ ಎಸ್‌ಟಿಟಿಗಿಂತ ದುಬಾರಿ. ಆದರೆ ಅಲ್ಲಿ ಅದನ್ನು ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು. ಅಮೆರಿಕದಲ್ಲಿ ಬ್ರೋಕರ್ ಕಮಿಷನ್ ಕೊಂಡ ಬೆಲೆಗೆ ಸೇರುತ್ತದೆ, ಆದರೆ ಸಾಮಾನ್ಯ ಹೂಡಿಕೆದಾರರ ಸಲಹಾ ಫೀಸಿನಂಥ ಖರ್ಚಿಗೆ 2018ರಿಂದ ವಿನಾಯಿತಿ ನಿಂತಿತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾಯ್ದೆ ಅದನ್ನು ಕಾಯಂ ಮಾಡಿತು. ಅಲ್ಲೂ 'ಟ್ರೇಡರ್' ಎನಿಸಿಕೊಂಡವರಿಗೆ ಮಾತ್ರ ಖರ್ಚು ಕಳೆಯುವ ದಾರಿ ಅಗಲ.

ಎಫ್‌ ಅಂಡ್ ಒ: ಖರ್ಚೇ ಲಾಭವನ್ನು ತಿನ್ನುವ ಜಾಗ

ವ್ಯಾಪಾರಿ ಎನಿಸಿಕೊಂಡವರಿಗೆ ಪಟ್ಟಿ ಉದ್ದ. ಸೆಕ್ಷನ್ 36(1)(xv) ಪ್ರಕಾರ ಎಸ್‌ಟಿಟಿಯನ್ನೂ ಕಳೆಯಬಹುದು. ಹೂಡಿಕೆದಾರರಿಗೆ ಇಲ್ಲದ ಸೌಲಭ್ಯ ಇಂಟ್ರಾಡೇ ಮತ್ತು ಆಪ್ಷನ್ಸ್ ಮಾಡುವವರಿಗೆ ಇದೆ.

ಒಂದು ಲೆಕ್ಕ ಹಾಕೋಣ. ದಿನಕ್ಕೆ ಎಂಟು ಆರ್ಡರ್, ವರ್ಷಕ್ಕೆ 250 ದಿನ, ಒಟ್ಟು 2,000 ಆರ್ಡರ್. ಆಪ್ಷನ್ಸ್ ಕೊಂಡ ಪ್ರೀಮಿಯಂ ಒಟ್ಟು 99.5 ಲಕ್ಷ, ಮಾರಿದ್ದು 1 ಕೋಟಿ. ಸ್ಕ್ರೀನ್ ಮೇಲೆ ಕಾಣುವ ಲಾಭ 50,000 ರೂಪಾಯಿ.

ಈಗ 2024ರ ಅಕ್ಟೋಬರ್‌ನಲ್ಲಿ ಜಾರಿಯಾದ ದರದಲ್ಲಿ ಖರ್ಚು ನೋಡಿ. ಆರ್ಡರ್‌ಗೆ 20 ರೂಪಾಯಿಯಂತೆ ಬ್ರೋಕರೇಜ್ 40,000. ಮಾರಾಟದ ಪ್ರೀಮಿಯಂ ಮೇಲೆ ಶೇ. 0.1ರಂತೆ ಎಸ್‌ಟಿಟಿ 10,000. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಶುಲ್ಕ ಎರಡೂ ಕಡೆ ಸೇರಿ ಸುಮಾರು 7,000. ಬ್ರೋಕರೇಜ್ ಮತ್ತು ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸುಮಾರು 8,450. ಸ್ಟ್ಯಾಂಪ್ ಡ್ಯೂಟಿ, ಸೆಬಿ ಶುಲ್ಕ ಸೇರಿ ಸುಮಾರು 300. ಒಟ್ಟು 65,000 ದಾಟಿತು. 50,000 ಲಾಭ ಅಂದುಕೊಂಡವರು ನಿಜಕ್ಕೂ 15,000ಕ್ಕಿಂತ ಹೆಚ್ಚು ನಷ್ಟದಲ್ಲಿದ್ದಾರೆ.

ಇದು ಕಾಗದದ ಮೇಲಿನ ಉದಾಹರಣೆ ಮಾತ್ರ ಅಲ್ಲ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್‌ ಅಂಡ್ ಒ ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023-24ರಲ್ಲಿ ಒಬ್ಬೊಬ್ಬರು ಸರಾಸರಿ 26,000 ರೂಪಾಯಿ ಬರೀ ವಹಿವಾಟಿನ ಖರ್ಚಿಗೆ ಸುರಿದಿದ್ದರು. 2025ರ ಜುಲೈನಲ್ಲಿ ಬಂದ ಮತ್ತೊಂದು ಅಧ್ಯಯನದಲ್ಲಿ 2024-25ರಲ್ಲೂ ಶೇ. 91 ಮಂದಿಗೆ ನಷ್ಟ, ಒಟ್ಟು 1,05,603 ಕೋಟಿ ರೂಪಾಯಿ.

ಹಾಗಾಗಿ ಖರ್ಚಿನ ಲೆಕ್ಕ ಇಡೋದು ತೆರಿಗೆ ಉಳಿಸಲಿಕ್ಕೆ ಮಾತ್ರ ಅಲ್ಲ. ನಿಜಕ್ಕೂ ಲಾಭ ಮಾಡ್ತಿದ್ದೀವಾ ಅಂತ ತಿಳಿಯೋದಕ್ಕೆ ಇರುವ ದಾರಿಯೂ ಅದೇ.

ವ್ಯಾಪಾರಿ ಇನ್ನೇನು ಕಳೆಯಬಹುದು? ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ ಇಂಟರ್ನೆಟ್, ಫೋನ್ ಬಿಲ್. ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40 ಸವಕಳಿ, ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಸಾಫ್ಟ್‌ವೇರ್ ಚಂದಾ, ಸಲಹಾ ಫೀಸು, ಆಡಿಟರ್ ಫೀಸು. ಎಲ್ಲಕ್ಕೂ ಬಿಲ್ ಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೆ ಆ ಖರ್ಚು ಲೆಕ್ಕಕ್ಕಿಲ್ಲ. ಟೆಲಿಗ್ರಾಂನಲ್ಲಿ 'ಟಿಪ್ಸ್' ಕೊಡುವವರಿಗೆ ರಸೀದಿ ಇಲ್ಲದೆ ಕಳಿಸಿದ ಹಣವನ್ನು ಅಧಿಕಾರಿ ಒಪ್ಪಬೇಕೆಂದು ನಿರೀಕ್ಷಿಸಬೇಡಿ. ಮನೆಯವರೆಲ್ಲ ಸಿನಿಮಾ ನೋಡುವ ವೈಫೈ ಬಿಲ್ ಪೂರ್ತಿ ತೋರಿಸಿದರೂ ಪ್ರಶ್ನೆ ಬರುತ್ತದೆ. ಇಂಥ ಆದಾಯ ಇದ್ದವರು ಐಟಿಆರ್-3 ತುಂಬಬೇಕು. ಬರೀ ಬಂಡವಾಳ ಲಾಭ ಇದ್ದವರಿಗೆ ಐಟಿಆರ್-2 ಸಾಕು.

ಸಾಲದ ಬಡ್ಡಿ: ನಮ್ಮ ಹೈಕೋರ್ಟಿನ ಮಾತು

ಸಾಲ ತಂದು ಶೇರು ಕೊಂಡರೆ? ವ್ಯಾಪಾರವಾಗಿದ್ದರೆ ವ್ಯಾಪಾರಕ್ಕೆ ತಂದ ಸಾಲದ ಬಡ್ಡಿ ಕಳೆಯಬಹುದು. ಹೂಡಿಕೆಯಾಗಿದ್ದರೆ ಗೊಂದಲ. ಈ ವಿಷಯದಲ್ಲಿ ದೇಶದಾದ್ಯಂತ ಉಲ್ಲೇಖವಾಗುವ ತೀರ್ಪುಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿನದ್ದು, 1985ರ ಕಾನೂನು ವರದಿಗಳಲ್ಲಿ ಬಂದ ಮೈತ್ರೇಯಿ ಪೈ ಪ್ರಕರಣ. ಶೇರು ಕೊಳ್ಳಲೆಂದೇ ತಂದ ಸಾಲದ ಬಡ್ಡಿ ಕೊಂಡ ಬೆಲೆಯ ಭಾಗ ಆಗಬಹುದು. ಆದರೆ ಅದೇ ಬಡ್ಡಿಯನ್ನು ಮೊದಲೇ ಡಿವಿಡೆಂಡ್ ಎದುರು ಕಳೆದಿದ್ದರೆ ಎರಡನೇ ಸಲ ಇಲ್ಲಿ ಸೇರಿಸುವಂತಿಲ್ಲ ಅನ್ನೋದು ಅದರ ಸಾರ. ಬೇರೆ ಕಡೆಯ ನ್ಯಾಯಮಂಡಳಿಗಳು ಎರಡೂ ಬಗೆಯ ತೀರ್ಪು ಕೊಟ್ಟಿವೆ, ಇಲಾಖೆ ಸುಲಭಕ್ಕೆ ಒಪ್ಪುವುದಿಲ್ಲ. ದೊಡ್ಡ ಮೊತ್ತ ಇದ್ದರೆ ಆಡಿಟರ್ ಜೊತೆ ಕೂತು ದಾಖಲೆ ಸರಿಮಾಡಿಕೊಂಡೇ ಮುಂದುವರಿಯಬೇಕು.

ಬೆಳೆ ಸಾಲದ ಹಣವನ್ನು ಶೇರಿಗೆ ಹಾಕಿದವರಿಗೆ ಮೊದಲ ತೊಂದರೆ ತೆರಿಗೆಯದ್ದಲ್ಲ, ಸಾಲದ ಷರತ್ತಿನದ್ದು. ಆ ಸಾಲ ಕೊಟ್ಟದ್ದು ತೋಟಕ್ಕೆ.

ತೋಟ ಇದ್ದವರು ನೋಡಲೇಬೇಕಾದ ಲೆಕ್ಕ

ಕಾಫಿ ಸೀಮೆಯವರಿಗೆ ಬೇರೆಯವರಿಗಿಲ್ಲದ ಒಂದು ತಿರುವು ಇದೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಚೆರ್ರಿ ಅಥವಾ ಪಾರ್ಚ್‌ಮೆಂಟ್ ಆಗಿ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ. 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ವ್ಯಾಪಾರದ ಆದಾಯವಾಗುತ್ತದೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ ಅದು 5,000 ರೂಪಾಯಿ ಮೀರಿ, ಬೇರೆ ಆದಾಯವೂ ಮೂಲ ವಿನಾಯಿತಿ ಮಿತಿ ದಾಟಿದ್ದರೆ, ಬೇರೆ ಆದಾಯದ ತೆರಿಗೆ ದರ ನಿಗದಿಗೆ ಕೃಷಿ ಆದಾಯವನ್ನೂ ಸೇರಿಸುತ್ತಾರೆ.

ಮಲ್ಲಂದೂರಿನ ಒಬ್ಬ ಬೆಳೆಗಾರರಿಗೆ 2024-25ರಲ್ಲಿ ಪಾರ್ಚ್‌ಮೆಂಟ್ ಮಾರಿ ಖರ್ಚು ಕಳೆದು 10 ಲಕ್ಷ, ಎಫ್‌ ಅಂಡ್ ಒದಲ್ಲಿ 8 ಲಕ್ಷ ಲಾಭ ಬಂತೆಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ತೋಟ ಇಲ್ಲದವರಿಗೆ 8 ಲಕ್ಷಕ್ಕೆ ತೆರಿಗೆ 30,000. ಇವರಿಗೆ ಹಾಗಲ್ಲ. ಮೊದಲು 18 ಲಕ್ಷಕ್ಕೆ ತೆರಿಗೆ ಹಾಕಬೇಕು, ಅದು 2,30,000. ಆಮೇಲೆ ಕೃಷಿಯ 10 ಲಕ್ಷಕ್ಕೆ ಮೂಲ ವಿನಾಯಿತಿ 3 ಲಕ್ಷ ಸೇರಿಸಿ 13 ಲಕ್ಷಕ್ಕೆ ತೆರಿಗೆ ಲೆಕ್ಕ ಹಾಕಿದರೆ 1,00,000. ವ್ಯತ್ಯಾಸ 1,30,000 ರೂಪಾಯಿ, ಇದೇ ಇವರು ಕಟ್ಟಬೇಕಾದ ತೆರಿಗೆ. ಸೆಸ್ ಬೇರೆ.

ಖರ್ಚಿನ ಮಹತ್ವ ಇಲ್ಲಿ ಗೊತ್ತಾಗುತ್ತದೆ. ಬಿಲ್ ಇಲ್ಲದೆ 50,000 ರೂಪಾಯಿ ಖರ್ಚು ಬಿಟ್ಟುಹೋದರೆ ತೋಟ ಇಲ್ಲದವರಿಗೆ 5,000 ನಷ್ಟ. ತೋಟ ಇರುವ ಇವರಿಗೆ 15,000.

ತೋಟದ ಖರ್ಚನ್ನು ಶೇರಿನ ಲಾಭದ ಎದುರು ಕಳೆಯುವಂತಿಲ್ಲ. ವಿನಾಯಿತಿ ಇರುವ ಆದಾಯಕ್ಕೆ ಮಾಡಿದ ಖರ್ಚು ತೆರಿಗೆ ಲೆಕ್ಕಕ್ಕೆ ಬಾರದು ಅಂತ ಸೆಕ್ಷನ್ 14ಎ ಹೇಳುತ್ತದೆ. ಎಫ್‌ ಅಂಡ್ ಒ ನಷ್ಟವನ್ನೂ ಕೃಷಿ ಆದಾಯದ ಎದುರು ಹೊಂದಿಸುವಂತಿಲ್ಲ. ಕ್ಯೂರಿಂಗ್ ಮಾಡಿಸಿ ಮಾರುವವರ ಶೇ. 25 ಭಾಗ ಮಾತ್ರ ವ್ಯಾಪಾರದ ಆದಾಯವಾದ್ದರಿಂದ ಅದರ ಎದುರು ಹೊಂದಿಸಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: '12 ಲಕ್ಷದವರೆಗೆ ತೆರಿಗೆ ಇಲ್ಲ'. 2025-26ರಿಂದ ಬಂದ ಈ ರಿಯಾಯಿತಿ ಶೇ. 20, ಶೇ. 12.5ರ ವಿಶೇಷ ದರದ ಶೇರು ಲಾಭಕ್ಕೆ ಅನ್ವಯಿಸುವುದಿಲ್ಲ.

ನಷ್ಟವನ್ನೂ ತೋರಿಸಿ

ಕಾಫಿ ನಾಡಿಗೂ ಶೇರು ಪೇಟೆಗೂ ನಂಟು ಹೊಸದಲ್ಲ. ಚಿಕ್ಕಮಗಳೂರಿನ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ 1984ರಲ್ಲಿ ಕೊಂಡ ಸಿವನ್ ಸೆಕ್ಯುರಿಟೀಸ್ ಶೇರು ದಲ್ಲಾಳಿ ಸಂಸ್ಥೆ. ಮುಂದೆ ಅವರು ಕಟ್ಟಿದ ಕಾಫಿ ಡೇ ಎಂಟರ್‌ಪ್ರೈಸಸ್ 2015ರ ನವೆಂಬರ್‌ನಲ್ಲಿ ಲಿಸ್ಟ್ ಆಯಿತು, ಐಪಿಒ ಬೆಲೆ 328 ರೂಪಾಯಿ. 2019ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಶೇರು ನೆಲಕಚ್ಚಿತು.

ಅಭಿಮಾನಕ್ಕೆ 100 ಶೇರನ್ನು 32,800ಕ್ಕೆ ಕೊಂಡವರು ಅದನ್ನು 40 ರೂಪಾಯಿಯಂತೆ ಮಾರಿದರು ಎನ್ನಿ. ಕೈಗೆ ಬಂದದ್ದು 4,000, ದೀರ್ಘಾವಧಿ ನಷ್ಟ 28,800. ಇದನ್ನು ದೀರ್ಘಾವಧಿ ಲಾಭದ ಎದುರು ಮಾತ್ರ ಹೊಂದಿಸಬಹುದು, ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅಲ್ಪಾವಧಿ ನಷ್ಟವಾದರೆ ಎರಡೂ ಬಗೆಯ ಬಂಡವಾಳ ಲಾಭದ ಎದುರು ನಡೆಯುತ್ತದೆ. ಇಂಟ್ರಾಡೇ ನಷ್ಟ ಇಂಟ್ರಾಡೇ ಲಾಭದ ಎದುರು ಮಾತ್ರ, ನಾಲ್ಕು ವರ್ಷ. ಎಫ್‌ ಅಂಡ್ ಒ ನಷ್ಟವನ್ನು ಆ ವರ್ಷ ಸಂಬಳ ಬಿಟ್ಟು ಬಾಡಿಗೆ, ಬಡ್ಡಿಯಂಥ ತೆರಿಗೆ ಬೀಳುವ ಆದಾಯದ ಎದುರು ಕಳೆಯಬಹುದು, ಉಳಿದದ್ದನ್ನು ಎಂಟು ವರ್ಷ ವ್ಯಾಪಾರದ ಲಾಭದ ಎದುರು.

ಷರತ್ತು ಒಂದೇ. ಗಡುವಿನೊಳಗೆ ರಿಟರ್ನ್ ಸಲ್ಲಿಸಿರಬೇಕು. 'ನಷ್ಟ ಆಗಿದೆ, ಇನ್ಯಾಕೆ ಫೈಲ್ ಮಾಡೋದು' ಅಂತ ಬಿಟ್ಟರೆ ಆ ನಷ್ಟವನ್ನು ಮುಂದಕ್ಕೆ ಒಯ್ಯುವ ಹಕ್ಕೂ ಹೋಗುತ್ತದೆ. ನಿಮ್ಮ ಶೇರು ಮಾರಾಟದ ಮೊತ್ತ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಇಲಾಖೆಗೆ ಹೇಗೂ ಸಿಕ್ಕಿರುತ್ತದೆ. ನಿಮ್ಮ ಇಂಟರ್ನೆಟ್ ಬಿಲ್, ಸಾಲದ ಬಡ್ಡಿ ಅದರಲ್ಲಿ ಇರುವುದಿಲ್ಲ. ಅದನ್ನು ನೀವೇ ಹೇಳಬೇಕು.

ಬದಲಾಗಬೇಕಾದ್ದು ಏನು?

ಬಂಡವಾಳ ಲಾಭದ ದರ ಕಡಿಮೆ ಇದೆ, ಹಾಗಾಗಿ ಖರ್ಚಿನ ಪಟ್ಟಿ ಚಿಕ್ಕದಿದ್ದರೆ ತಪ್ಪೇನು ಅನ್ನೋ ವಾದ ಇದೆ. ಇಂಟರ್ನೆಟ್ ಬಿಲ್, ಲ್ಯಾಪ್‌ಟಾಪ್ ವಿಷಯದಲ್ಲಿ ಆ ವಾದ ಒಪ್ಪಬಹುದು. ಎಸ್‌ಟಿಟಿ ವಿಷಯದಲ್ಲಿ ಒಪ್ಪೋದು ಕಷ್ಟ. ಅದು ಹೂಡಿಕೆದಾರರು ಆಯ್ದುಕೊಂಡ ಖರ್ಚಲ್ಲ, ಸರ್ಕಾರವೇ ಹಿಡಿದುಕೊಳ್ಳುವ ಹಣ. ಅದಕ್ಕೆ ಬದಲಾಗಿ ಕೊಟ್ಟಿದ್ದ ವಿನಾಯಿತಿ 2018ರಲ್ಲೇ ಮುಗಿದಿದೆ. ವಾರಕ್ಕೊಂದು ಆಪ್ಷನ್ ಆಡುವವರಿಗೆ ಎಸ್‌ಟಿಟಿ ಖರ್ಚು, ಹತ್ತು ವರ್ಷ ಶೇರು ಇಟ್ಟುಕೊಳ್ಳುವವರಿಗೆ ಅಲ್ಲ ಎಂಬುದು, ಸಟ್ಟಾ ಕಡಿಮೆಯಾಗಬೇಕೆನ್ನುವ ಸರ್ಕಾರದ ಮಾತಿಗೇ ವಿರುದ್ಧ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಭಾಷೆ ಸರಳವಾಗಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಈ ತಾರತಮ್ಯ ತೆಗೆಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಮುಂದಿನ ಬಜೆಟ್‌ಗೆ ಮುನ್ನ ಈ ಪ್ರಶ್ನೆ ನಮ್ಮ ಸಂಸದರ ಮುಂದಿಡಲು ಇನ್ನೂ ಸಮಯ ಇದೆ. ಅಲ್ಲಿಯವರೆಗೆ ಮಾಡಬೇಕಾದ್ದು ಸರಳ: ಕಾಂಟ್ರಾಕ್ಟ್ ನೋಟ್‌ಗಳನ್ನು ಇಳಿಸಿಟ್ಟುಕೊಳ್ಳಿ, ಶೇರಿಗೆ ಬೇರೆ ಬ್ಯಾಂಕ್ ಖಾತೆ ಇಡಿ, ತೋಟದ ಪುಸ್ತಕದ ಪಕ್ಕದಲ್ಲೇ ಶೇರಿಗೂ ಒಂದು ಪುಸ್ತಕ ತೆರೆಯಿರಿ.